ಕರ್ತೃವಿಲ್ಲದ ಠರಾವು

ನಮ್ಮ ಶಾಲೆಯ ನಡಾವಳಿ ಪುಸ್ತಕದಲ್ಲಿ ವರ್ಷವರ್ಷವೂ ಒಂದು ವಾಕ್ಯ ಬರುತ್ತದೆ: "ಶಿಕ್ಷಕಿಯರ ಶೌಚಾಲಯದ ದುರಸ್ತಿಗೆ ಸೂಕ್ತ ಕ್ರಮ ಕೈಗೊಳ್ಳಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು." ಕೈಗೊಳ್ಳುವವರು ಯಾರು? ಎಂದಿನೊಳಗೆ? ಮಕ್ಕಳಿಗೆ ಕರ್ತರಿ, ಕರ್ಮಣಿ ಪ್ರಯೋಗ ಕಲಿಸುವಾಗಲೆಲ್ಲ ನನಗೆ ಈ ವಾಕ್ಯವೇ ನೆನಪಾಗುತ್ತದೆ. ಕರ್ತೃ ಮರೆಯಾದರೆ ಕೆಲಸವೂ ಮರೆಯಾಗುತ್ತದೆ.

ಅದಕ್ಕೇ ಅಮೆರಿಕದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬರ್ಕ್ಲಿ ಅಧ್ಯಾಪಕರು 1964ರ ಡಿಸೆಂಬರ್ 8ರಂದು ಒಪ್ಪಿದ ಠರಾವು ನನಗೆ ಮೆಚ್ಚುಗೆ. ಆವರಣದೊಳಗೆ ರಾಜಕೀಯ ಮಾತಾಡುವ ಹಕ್ಕಿಗಾಗಿ ಧರಣಿ ಕೂತ ಸುಮಾರು 800 ಜನರನ್ನು ಪೊಲೀಸರು ಬಂಧಿಸಿ ವಾರವೂ ಆಗಿರಲಿಲ್ಲ. ಠರಾವಿನಲ್ಲಿ ಇದ್ದದ್ದು ಐದೇ ಅಂಶ. ಚಟುವಟಿಕೆಯ ಸಮಯ, ಸ್ಥಳ, ರೀತಿಗೆ ನಿಯಮವಿರಬಹುದು. ಮಾತಿನ ಹುರುಳಿಗೆ ವಿಶ್ವವಿದ್ಯಾಲಯ ಕೈಹಾಕಬಾರದು. ಮುಂದೆ ಇಂಥ ವಿಷಯದಲ್ಲಿ ಶಿಸ್ತುಕ್ರಮ ತೀರ್ಮಾನಿಸುವವರು ಯಾರು? ಅಧ್ಯಾಪಕರ ಸೆನೆಟ್ಟೇ ನೇಮಿಸಿದ, ಸೆನೆಟ್ಟಿಗೇ ಉತ್ತರ ಹೇಳಬೇಕಾದ ಸಮಿತಿ. ನೋಡಿ, ಇಲ್ಲಿ ಕರ್ತೃ ಇದ್ದಾನೆ! ತಿದ್ದುಪಡಿಯೊಂದನ್ನು ಚರ್ಚಿಸಿ ತಳ್ಳಿಹಾಕಿದ ಮೇಲೆ ಪರವಾಗಿ 824 ಮತ, ವಿರುದ್ಧ 115. ಸರ್ವಾನುಮತವಲ್ಲ, ಅದರಿಂದಲೇ ಅದಕ್ಕೆ ತೂಕ.

ಕೊರತೆ ಇಲ್ಲವೆಂದಲ್ಲ. ನಿಯಮ "ಸಮಂಜಸ"ವಾಗಿರಬೇಕೆಂಬ ಪದ ರಬ್ಬರಿನಂಥದು, ಎಳೆದಷ್ಟೂ ಹಿಗ್ಗುತ್ತದೆ. ಕೊನೆಯ ಮಾತು ರೀಜೆಂಟರೆಂಬ ಆಡಳಿತ ಮಂಡಳಿಯದು. ಶಿಸ್ತಿನ ಅಧಿಕಾರವನ್ನು ಅವರು ಬಿಟ್ಟುಕೊಡಲಿಲ್ಲ. ಆದರೆ ಅದೇ ತಿಂಗಳು, ಸಂವಿಧಾನ ಒಪ್ಪುವ ಮಿತಿಯನ್ನು ಮೀರಿ ಮಾತನ್ನು ಕಟ್ಟಿಹಾಕುವ ಉದ್ದೇಶ ತಮಗಿಲ್ಲವೆಂದು ಹೇಳಿದರು.

ಮಹಿಳಾ ಸಮಾಜದಲ್ಲೋ ಸಹಕಾರ ಸಂಘದಲ್ಲೋ ನಡಾವಳಿ ಪುಸ್ತಕ ನಿಮ್ಮ ಮುಂದೆಯೂ ಬರುತ್ತದೆ. ಸಹಿ ಹಾಕುವ ಮುನ್ನ ವಾಕ್ಯದಲ್ಲಿ ಕರ್ತೃವನ್ನು ಹುಡುಕಿ. ಸಿಗದಿದ್ದರೆ ಪೆನ್ನಿನ ಮುಚ್ಚಳ ತೆಗೆಯಬೇಡಿ.