ದೋಷನಿವಾರಣೆಯಿಂದ ನಿರ್ಮಾಣಕ್ಕೆ

ದುಬೈ ಇಂಟರ್ನೆಟ್ ಸಿಟಿಯು 2000ನೆಯ ಇಸವಿಯಲ್ಲಿ ಬಾಗಿಲು ತೆರೆದ ಬಳಿಕ ಗಣಕವಿದ್ಯೆಯನ್ನೇ ನೆಚ್ಚಿ ಸಂಯುಕ್ತ ಅರಬ್ ಸಂಸ್ಥಾನಕ್ಕೆ ತೆರಳಿದ ಕನ್ನಡದ ತರುಣರಲ್ಲಿ ಹಲವರಿಗೆ ಮೊದಲು ದೊರೆತ ಉದ್ಯೋಗವು ಹೆಲ್ಪ್ ಡೆಸ್ಕಿನದು. ಮರೆತ ಪಾಸ್‌ವರ್ಡನ್ನು ಬದಲಿಸಿಕೊಡುವುದು, ಕೆಟ್ಟ ಪ್ರಿಂಟರನ್ನು ಸರಿಪಡಿಸುವುದು, ದಿನವೆಲ್ಲ ಬಂದು ಸೇರುವ ದೂರುಗಳ ಟಿಕೆಟ್ಟುಗಳನ್ನು ಗೊತ್ತಾದ ಗಡುವಿನೊಳಗೆ ಮುಗಿಸುವುದು, ಇವೇ ಅಲ್ಲಿನ ನಿತ್ಯಕರ್ಮ. ಈ ಸ್ಥಾನದಿಂದ ಸಾಫ್ಟ್‌ವೇರನ್ನು ರಚಿಸುವ ಸ್ಥಾನಕ್ಕೆ ಏರುವ ಹಾದಿಯನ್ನು ಆ ನಾಡು ಎಲ್ಲಿಯವರೆಗೆ ಕಟ್ಟಿದೆ, ಎಲ್ಲಿ ಕಟ್ಟದೆ ಬಿಟ್ಟಿದೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಬ್ರಿಟಿಷ್ ಸರ್ಕಾರದ ಆಶ್ರಯದಲ್ಲಿ 1980ರ ದಶಕದಲ್ಲಿ ರೂಪುಗೊಂಡು ಇಂದು ಲೋಕದ ಅನೇಕ ಕಚೇರಿಗಳಿಗೆ ಮಾದರಿಯಾಗಿರುವ ಐಟಿಐಎಲ್ ಎಂಬ ಗಣಕಸೇವಾ ನಿರ್ವಹಣೆಯ ಪದ್ಧತಿಯು, ನಿಂತ ಕೆಲಸವನ್ನು ಒಡನೆಯೇ ನಡೆಯುವಂತೆ ಮಾಡುವುದನ್ನೂ ಅದು ನಿಂತುದೇಕೆಂದು ಮೂಲಕಾರಣವನ್ನು ಶೋಧಿಸುವುದನ್ನೂ ಎರಡು ಭಿನ್ನ ಕರ್ತವ್ಯಗಳೆಂದು ಪರಿಗಣಿಸುತ್ತದೆ. ಮೊದಲನೆಯದರಿಂದ ಎರಡನೆಯದಕ್ಕೆ ಸಾಗುವುದರಲ್ಲಿಯೇ ಈ ವೃತ್ತಿಯ ಉತ್ಕರ್ಷವಿದೆ. ಒಂದೇ ದೂರನ್ನು ಹತ್ತಾರು ಸಲ ಪರಿಹರಿಸಿದವನು ಲಾಗುಗಳನ್ನು ಓದಿ, ಅದು ಮರಳಿ ಹುಟ್ಟದಂತೆ ಪವರ್‌ಶೆಲ್ಲಿನಲ್ಲಿಯೋ ಪೈಥಾನಿನಲ್ಲಿಯೋ ಚಿಕ್ಕದೊಂದು ಸ್ಕ್ರಿಪ್ಟನ್ನು ಬರೆದಾಗಲೇ ನಿರ್ಮಾತೃವಾಗತೊಡಗುತ್ತಾನೆ. ಬಳಸುವವರು ಎಲ್ಲಿ ಎಡವುತ್ತಾರೆಂಬ ಅವನ ಅರಿವು, ಪಾಠಕ್ರಮದಿಂದ ಮಾತ್ರ ಕೋಡಿಂಗನ್ನು ಕಲಿತವನಿಗೆ ಸುಲಭವಾಗಿ ದಕ್ಕುವಂಥದಲ್ಲ. ಆದರೆ ಮುಗಿಸಿದ ಟಿಕೆಟ್ಟುಗಳ ಸಂಖ್ಯೆಯೊಂದರಿಂದಲೇ ನೌಕರನನ್ನು ಅಳೆಯುವ ಕಚೇರಿಯಲ್ಲಿ, ಟಿಕೆಟ್ಟೇ ಹುಟ್ಟದಂತೆ ಮಾಡಿದವನ ಶ್ರಮವು ಲೆಕ್ಕಕ್ಕೆ ಬಾರದು. ಪ್ರತಿಭೆಯನ್ನು ಕುಗ್ಗಿಸುವ ಈ ಮಾನದಂಡವೇ ಆ ಹಾದಿಯಲ್ಲಿರುವ ಮೊದಲನೆಯ ತಡೆ.

ಆ ನಾಡಿನ ಪ್ರಭುತ್ವವು ಉದಾಸೀನವಾಗಿಲ್ಲವೆಂಬುದನ್ನು ಮನಸಾರೆ ಒಪ್ಪಬೇಕು. 2021ರಲ್ಲಿ ಕೋಡರುಗಳಿಗಾಗಿ ರಾಷ್ಟ್ರೀಯ ಕಾರ್ಯಕ್ರಮವೊಂದು ಘೋಷಿತವಾಗಿ, ಒಂದು ಲಕ್ಷ ಮಂದಿಗೆ ದೀರ್ಘಾವಧಿ ವಾಸದ ಗೋಲ್ಡನ್ ವೀಸಾ ನೀಡುವ ಸಂಕಲ್ಪವು ಪ್ರಕಟವಾಯಿತು. ಅದೇ ವರ್ಷ, ಪ್ಯಾರಿಸಿನಲ್ಲಿ 2013ರಲ್ಲಿ ಹುಟ್ಟಿದ ಮಾದರಿಯನ್ನು ಅನುಸರಿಸಿ, ಶುಲ್ಕವಾಗಲಿ ಅಧ್ಯಾಪಕರಾಗಲಿ ಇಲ್ಲದೆ ವಿದ್ಯಾರ್ಥಿಗಳೇ ಪರಸ್ಪರ ಕಲಿಯುವ ‘42 ಅಬುಧಾಬಿ’ ಶಾಲೆಯು ಆರಂಭಗೊಂಡಿತು. ಕಲಿಕೆಗೆ ಹಣವು ಅಡ್ಡಿಯಾಗಬಾರದೆಂಬ ಈ ಧೋರಣೆ ಅತ್ಯಂತ ಶ್ಲಾಘ್ಯವಾದುದು. ಆದರೂ ಆ ಶಾಲೆಯ ಪ್ರವೇಶಪರೀಕ್ಷೆಯಾದ ‘ಪಿಸೀನ್’ ಸುಮಾರು ನಾಲ್ಕು ವಾರಗಳ ಅಖಂಡ ಶ್ರಮವನ್ನು ಬೇಡುತ್ತದೆ. ಪಾಳಿಯ ದುಡಿಮೆಗೆ ಕಟ್ಟುಬಿದ್ದು, ವೀಸಾಕ್ಕೂ ಊರಿಗೆ ಕಳುಹಿಸುವ ಹಣಕ್ಕೂ ಆ ದುಡಿಮೆಯನ್ನೇ ಅವಲಂಬಿಸಿದವನಿಗೆ ಶುಲ್ಕಕ್ಕಿಂತಲೂ ದುರ್ಲಭವಾದುದು ಸಮಯ.

ಆದ್ದರಿಂದ ಈ ಹಾದಿಯ ಉಳಿದ ಭಾಗವನ್ನು ಕಟ್ಟಬೇಕಾದವರು ಉದ್ಯೋಗದಾತರೇ. ಖಾಸಗಿ ವಲಯಕ್ಕೆ 2022ರ ಫೆಬ್ರವರಿಯಿಂದ ಜಾರಿಗೆ ಬಂದ ಕಾರ್ಮಿಕ ಶಾಸನವು ನೌಕರರ ಕೌಶಲವನ್ನು ಬೆಳೆಸುವುದನ್ನು ಉದ್ಯೋಗದಾತರ ಕರ್ತವ್ಯಗಳಲ್ಲಿ ಒಂದಾಗಿ ಹೇಳಿದೆ. ವಾರದಲ್ಲಿ ಕೆಲವು ಗಂಟೆ ಹೆಲ್ಪ್ ಡೆಸ್ಕಿನವನನ್ನು ಡೆವಲಪರುಗಳ ಜೊತೆ ಕೂರಿಸುವುದು, ಅವನು ಬರೆದ ಸ್ಕ್ರಿಪ್ಟನ್ನು ಹಿರಿಯರು ಪರಿಶೀಲಿಸಿ ತಿದ್ದುವುದು, ಯೋಗ್ಯತೆ ಸಿದ್ಧವಾದಾಗ ಕರಾರಿನಲ್ಲಿ ಹುದ್ದೆಯ ಹೆಸರನ್ನೂ ವೇತನವನ್ನೂ ಬದಲಿಸುವುದು, ಇಷ್ಟು ನಡೆದರೆ ಆ ಶಾಸನವಾಕ್ಯವು ಸಾರ್ಥಕವಾದೀತು. ಹೊರಗಿನಿಂದ ಲಕ್ಷ ಕೋಡರುಗಳನ್ನು ಆಹ್ವಾನಿಸಬಲ್ಲ ನಾಡಿನ ಕಚೇರಿಗಳು, ತಮ್ಮ ಯಂತ್ರಗಳ ದೋಷಗಳನ್ನೆಲ್ಲ ಬಲ್ಲ ಒಳಗಿನವನನ್ನು ಗುರುತಿಸದಿರುವುದು ಅನ್ಯಾಯವಷ್ಟೇ ಅಲ್ಲ, ಅವುಗಳಿಗೇ ನಷ್ಟ.