ಜಿಮ್ಮಿಯ ನಂತರದ ಪುಟಗಳು

ಸಿದ್ಧಾರ್ಥ ಮುಖರ್ಜಿಯವರ ‘ದ ಎಂಪರರ್ ಆಫ್ ಆಲ್ ಮ್ಯಾಲಡೀಸ್’ (2010) ಮೊದಲ ಓದಿಗೆ ಎಲ್ಲರಂತೆ ನನ್ನನ್ನೂ ಬೆರಗುಗೊಳಿಸಿತ್ತು. ಈಚೆಗೆ ಮತ್ತೆ ಓದಿದೆ. ಪರೇಲ್‌ನಲ್ಲಿ ಕ್ಯಾನ್ಸರ್ ಆಸ್ಪತ್ರೆಯ ಸುತ್ತ ಫುಟ್‌ಪಾತ್ ಮೇಲೆ ಚಾಪೆ ಹಾಸಿಕೊಂಡ ಸಂಸಾರಗಳನ್ನು ದಿನಾ ದಾಟಿ ಕೆಲಸಕ್ಕೆ ಹೋಗುವವನಿಗೆ ಈ ಸಲ ಬೇರೆಯೇ ಪ್ರಶ್ನೆ ಎದ್ದಿತು: ಪುಸ್ತಕದ ಆರಂಭದಲ್ಲಿದ್ದ ಮಕ್ಕಳೆಲ್ಲ ಆಮೇಲೆ ಎಲ್ಲಿ ಹೋದರು?

ಆರಂಭವಂತೂ ಮಕ್ಕಳದೇ. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಹೊಸ ಔಷಧಿ ಕೊಡುತ್ತಾರೆ. 1948ರ ವರದಿಯಂತೆ 16 ಮಕ್ಕಳಲ್ಲಿ 10 ಮಂದಿ ಚೇತರಿಸಿಕೊಂಡರು, ಕೆಲವೇ ತಿಂಗಳ ಮಟ್ಟಿಗೆ. (ಆ ಔಷಧಿ ಬಂದದ್ದು ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಓದಿದ್ದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದಿಂದ. ಚೆನ್ನೈ, ಹೈದರಾಬಾದಿನ ಗೆಳೆಯರು ಆ ಪುಟಗಳನ್ನು ತಪ್ಪದೆ ಓದಬೇಕು.) ಅದೇ ವರ್ಷ ‘ಜಿಮ್ಮಿ’ ಎಂದು ಹೆಸರಿಟ್ಟ 12 ವರ್ಷದ ಹುಡುಗನ ಮಂಚದ ಸುತ್ತ ಬೇಸ್‌ಬಾಲ್ ಆಟಗಾರರು ನೆರೆದದ್ದು ರೇಡಿಯೋದಲ್ಲಿ ಬಿತ್ತರವಾಗಿ ಎರಡು ಲಕ್ಷ ಡಾಲರಿಗೂ ಹೆಚ್ಚು ಹಣ ಬಂತು. ಮಗುವಿನ ಮುಖ ತೋರಿಸಿದರೆ ಥೈಲಿ ಬಿಚ್ಚುತ್ತದೆ ಎಂದು ಫಾರ್ಬರ್ ಅರಿತಿದ್ದನ್ನು ಮುಖರ್ಜಿ ಮುಚ್ಚಿಡುವುದಿಲ್ಲ.

1971ರ ಅಮೆರಿಕದ ಕ್ಯಾನ್ಸರ್ ಕಾಯಿದೆಯ ಹೊತ್ತಿಗೆ ಹಣದ ಪ್ರಮಾಣವೇ ಬದಲಾಗುತ್ತದೆ. ಪುಟಗಳು ಸ್ತನ, ಶ್ವಾಸಕೋಶದ ಕಡೆ ಹೊರಳುತ್ತವೆ. ಮಕ್ಕಳು ಮತ್ತೆ ಬರುವುದು ವಂಶವಾಹಿಗಳ ಭಾಗದಲ್ಲಿ, ಪುರಾವೆಯಾಗಿ. ರೆಟಿನೋಬ್ಲಾಸ್ಟೋಮ ಎಂಬ ಅಪರೂಪದ ಎಳೆಗಣ್ಣಿನ ಗಡ್ಡೆಯನ್ನು ನೋಡಿ ಆಲ್ಫ್ರೆಡ್ ನಡ್ಸನ್ ಮಂಡಿಸಿದ ಸಿದ್ಧಾಂತ ದೊಡ್ಡವರ ಎಷ್ಟೋ ಕ್ಯಾನ್ಸರುಗಳನ್ನು ಅರ್ಥಮಾಡಿಸಿತು. ಆ ಮಕ್ಕಳ ಕಣ್ಣು ಉಳಿಯಿತೇ? ಪುಸ್ತಕ ಅಲ್ಲಿ ನಿಲ್ಲುವುದಿಲ್ಲ. ನಮ್ಮಲ್ಲಿ ಈಗಲೂ ಎಷ್ಟೋ ಮಕ್ಕಳು ಗಡ್ಡೆ ಕಣ್ಣು ದಾಟಿದ ಮೇಲೆಯೇ ಆಸ್ಪತ್ರೆ ತಲಪುತ್ತಾರೆ.

ನನಗೆ ಹೆಚ್ಚು ತಕರಾರಿರುವುದು ಗ್ಲೀವೆಕ್ ಅಧ್ಯಾಯದ ಬಗ್ಗೆ. ರೋಗಿಗಳು ಕಡಿಮೆ ಎಂದು ಕಂಪನಿ ಹಿಂದೇಟು ಹಾಕಿತು, ವೈದ್ಯ ಬ್ರಯನ್ ಡ್ರೂಕರ್ ಪಟ್ಟು ಬಿಡಲಿಲ್ಲ, 2001ರಲ್ಲಿ ಮಾತ್ರೆಗೆ ಒಪ್ಪಿಗೆ ಸಿಕ್ಕಿತು. ಮುಖರ್ಜಿ ಇದನ್ನು ಛಲದ ಗೆಲುವಾಗಿ ಹೇಳುತ್ತಾರೆ. ಲೆಕ್ಕ ಬೇರೆಯೂ ಇದೆ. ವರ್ಷಗಟ್ಟಲೆ ದಿನಾ ಮಾತ್ರೆ ನುಂಗುವ ವಯಸ್ಕ, ರೋಗ ಅಪರೂಪದ್ದಾದರೂ, ಒಳ್ಳೆಯ ಗಿರಾಕಿ. ಒಂದೆರಡು ವರ್ಷದಲ್ಲಿ ಚಿಕಿತ್ಸೆ ಮುಗಿಯುವ ಮಗು ಯಾರ ಗಿರಾಕಿ? ದೊಡ್ಡವರ ಕ್ಯಾನ್ಸರ್ ಔಷಧಿಯ ಗುರಿ ಮಕ್ಕಳ ಕ್ಯಾನ್ಸರಿನಲ್ಲೂ ಇದ್ದರೆ ಮಕ್ಕಳಲ್ಲೂ ಪರೀಕ್ಷಿಸಿ ಎಂದು ಕಂಪನಿಗಳಿಗೆ ಹೇಳಲು ಅಮೆರಿಕದಲ್ಲಿ 2017ರಲ್ಲಿ ಕಾನೂನೇ ಬೇಕಾಯಿತು. ಅದು ಪುಸ್ತಕದ ನಂತರದ ಮಾತು, ಒಪ್ಪುತ್ತೇನೆ. ಕೊರತೆ ಮಾತ್ರ ಮುಂಚಿನದು.

ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಶೇ. 80ಕ್ಕೂ ಹೆಚ್ಚು ಗುಣವಾಗುತ್ತಾರೆ. ಎಷ್ಟೋ ಬಡ ದೇಶಗಳಲ್ಲಿ ಶೇ. 30 ಕೂಡ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ದೆಹಲಿಯಲ್ಲಿ ಹುಟ್ಟಿ ಬೆಳೆದ ಲೇಖಕನ ‘ಜೀವನಚರಿತ್ರೆ’ಯಲ್ಲಿ ಈ ಅಂತರಕ್ಕೆ ಜಾಗ ಸಿಕ್ಕಿಲ್ಲ.

“ಅವರು ಬರೆಯದ ಪುಸ್ತಕಕ್ಕೆ ವಿಮರ್ಶೆ ಬರೀತಿದ್ದೀಯಲ್ಲ ಮಾರಾಯ,” ಎಂದಳು ಓದುಬಳಗದ ಗೆಳತಿ. ಇರಬಹುದು. ಜಿಮ್ಮಿ ಐವತ್ತು ವರ್ಷಗಳ ನಂತರ, 1998ರಲ್ಲಿ, ಟ್ರಕ್ ಓಡಿಸಿಕೊಂಡು ಬದುಕಿದ್ದವನಾಗಿ ಮರಳುವ ಪುಟವನ್ನು ನಾನು ಅವಳಿಗೇ ಎರಡು ಸಲ ಓದಿ ಹೇಳಿದ್ದೇನೆ.