ಅಜ್ಜಿಯ ಬಿಸ್ಕತ್ತು, ಲಕ್ಕಮ್ಮನ ಅಕ್ಕಿ

ಆಡುವವರು ಎದ್ದುಹೋದರೂ ನಡೆಯುತ್ತಲೇ ಇರುವ ಮೊಬೈಲ್ ಆಟಗಳಿವೆ. ಐಡಲ್ ಗೇಮ್ ಎಂದು ಅವುಗಳ ಹೆಸರು. ಬೆರಳಿನಿಂದ ಒಮ್ಮೆ ಒತ್ತಿದರೆ ಒಂದು ನಾಣ್ಯ; ನಾಣ್ಯಗಳು ಕೂಡಿದರೆ ಒಂದು ಯಂತ್ರ; ಆಮೇಲೆ ದುಡಿಮೆ ಯಂತ್ರದ್ದು, ನೋಡುವುದಷ್ಟೇ ನಮ್ಮದು. ಎದುರಾಳಿಯಿಲ್ಲ, ಸೋಲಿಲ್ಲ. ಕಾಲಹರಣವೆಂದು ಇವನ್ನು ಬದಿಗೆ ಸರಿಸುವುದು ಸುಲಭ. ಆದರೆ ಕಾಯುವುದು, ಗಳಿಸುವುದು, ಬಿಟ್ಟುಕೊಡುವುದು ಎಂಬ ಮೂರು ಹಳೆಯ ಸಂಗತಿಗಳ ಬಗ್ಗೆ ಈ ಆಟಗಳಿಗೆ ತಮ್ಮದೇ ನಿಲುವಿದೆ. ನಾವು ಓದಬೇಕಾದದ್ದು ಅದನ್ನು.

2010ರಲ್ಲಿ ಇಯಾನ್ ಬೊಗೋಸ್ಟ್ ಫೇಸ್‌ಬುಕ್ ಆಟಗಳನ್ನು ಗೇಲಿ ಮಾಡಲೆಂದೇ ‘ಕೌ ಕ್ಲಿಕ್ಕರ್’ ರಚಿಸಿದರು. ಒಂದು ಹಸು, ಆರು ಗಂಟೆಗೊಮ್ಮೆ ಅದನ್ನು ಒತ್ತುವುದು, ಅಷ್ಟೇ ಆಟ. ಸಾವಿರಾರು ಜನ ಅದನ್ನು ನಿಷ್ಠೆಯಿಂದ ಆಡಿದರು. 2011ರ ಸೆಪ್ಟೆಂಬರಿನಲ್ಲಿ ಹಸುಗಳನ್ನೆಲ್ಲ ಮಾಯ ಮಾಡಿದ ಮೇಲೂ ಖಾಲಿ ಜಾಗವನ್ನು ಒತ್ತುವವರು ಉಳಿದಿದ್ದರು. ಅಣಕವೆಂದು ತಿಳಿದ ಮೇಲೂ ಬಿಡಲಾಗದ ಯಾವುದೋ ಸೆಳೆತ ಅದರಲ್ಲಿತ್ತು.

ಆ ಸೆಳೆತ ಬೇರೇನಲ್ಲ, ಕಾದಿದ್ದಕ್ಕೆ ಸಿಗುವ ಕೂಲಿ. ಹುಮನಾಬಾದ್ ಸೀಮೆಯ ರೈತ ಮುಂಗಾರಿಗೆ ತೊಗರಿ ಬಿತ್ತಿ ರಾಶಿಗೆ ಆರು ತಿಂಗಳು ಕಾಯುತ್ತಾನೆ. ನಡುವೆ ಮಳೆ ಕೈಕೊಡಬಹುದು, ಕಾಯಿಗೆ ಹುಳು ಬೀಳಬಹುದು, ಮಾರುಕಟ್ಟೆಗೆ ಒಯ್ದ ದಿನವೇ ದರ ಇಳಿಯಬಹುದು. ಪದವಿ ಮುಗಿಸಿದ ಅವನ ಮಗ ನೇಮಕಾತಿಗೆ ಇನ್ನೆಷ್ಟು ವರ್ಷ ಕಾಯಬೇಕೋ ಯಾರೂ ಹೇಳಲಾರರು. ಆಟದಲ್ಲಿ ಮಾತ್ರ ಕಾದದ್ದು ಎಂದೂ ಹುಸಿಹೋಗುವುದಿಲ್ಲ. ಮಲಗಿ ಏಳುವಷ್ಟರಲ್ಲಿ ಲೆಕ್ಕ ಬೆಳೆದಿರುತ್ತದೆ. ಆಡುವ ಹುಡುಗರನ್ನು ಸೋಮಾರಿಗಳೆಂದು ಬೈಯುವವರು ಈ ವ್ಯತ್ಯಾಸವನ್ನು ಗಮನಿಸಿದಂತಿಲ್ಲ.

ಆದರೆ ಈ ಸಮಾಧಾನಕ್ಕೂ ಬೆಲೆಯಿದೆ. 2013ರಲ್ಲಿ ಫ್ರಾನ್ಸಿನ ಜೂಲಿಯಾಂ ತಿಯೆನೊ ಹೊರತಂದ ‘ಕುಕಿ ಕ್ಲಿಕ್ಕರ್’ ನೋಡಿ. ಸೆಕೆಂಡಿಗೊಂದು ಬಿಸ್ಕತ್ತು ಮಾಡುವ ಅಜ್ಜಿಯ ಬೆಲೆ 100 ಬಿಸ್ಕತ್ತು. ಪ್ರತಿ ಅಜ್ಜಿಯೂ ಹಿಂದಿನವಳಿಗಿಂತ ಶೇಕಡಾ 15ರಷ್ಟು ದುಬಾರಿ. 11ನೆಯವಳ ಬೆಲೆ ಆಗಲೇ 405. ಗಳಿಕೆ ಏರಿದಂತೆ ಬೆಲೆಯೂ ಏರುವುದರಿಂದ, ಕೋಟಿಯಿದ್ದಾಗಲೂ ಹತ್ತಿದ್ದಾಗಿನಷ್ಟೇ ಕೊರತೆ ಕಾಡುತ್ತದೆ. ಅಪ್‌ಗ್ರೇಡ್ ಎಂಬುದು ಆ ಕೊರತೆಯನ್ನು ಹೊಸದಾಗಿ ಇಡುವ ಉಪಾಯ.

ಒಂದು ಹಂತದಲ್ಲಿ ಅಂಕಿಯೂ ಬೇಸರ ತರಿಸುತ್ತದೆ. ಆಗ ಬರುತ್ತದೆ ಪ್ರೆಸ್ಟೀಜ್: ಎಲ್ಲವನ್ನೂ ಬಿಟ್ಟುಕೊಟ್ಟು ಸೊನ್ನೆಯಿಂದ ಶುರುಮಾಡು ಎನ್ನುತ್ತದೆ ಆಟ. ಮೊದಲ ಮಟ್ಟಕ್ಕೆ ಒಟ್ಟು 1 ಲಕ್ಷ ಕೋಟಿ ಬಿಸ್ಕತ್ತು ಬೇಕು, ಎರಡನೆಯದಕ್ಕೆ 8, ಮೂರನೆಯದಕ್ಕೆ 27 ಲಕ್ಷ ಕೋಟಿ. ಪ್ರತಿ ಮಟ್ಟವೂ ಮುಂದಿನ ಸುತ್ತಿನ ಗಳಿಕೆಗೆ ಶೇಕಡಾ 1ರಷ್ಟು ಬಲ ಕೊಡಬಲ್ಲದು. ಮರಳಿ ಬರುವ ಗುಂಡಿಯ ಮೇಲಿರುವ ಪದವೇ ಪುನರ್ಜನ್ಮ ಎಂಬರ್ಥದ್ದು. ತ್ಯಾಗದ ವೇಷ ತೊಟ್ಟ ಹೂಡಿಕೆ ಇದು. ಬಿಟ್ಟದ್ದೆಲ್ಲ ಬಡ್ಡಿ ಸಮೇತ ಮರಳುವುದಾದರೆ ಬಿಟ್ಟದ್ದಾದರೂ ಏನನ್ನು?

ಈ ಪ್ರಶ್ನೆಗೆ ಹುಮನಾಬಾದಿನ ನೆರೆಯ ಬಸವಕಲ್ಯಾಣದ ಕಥೆಯೊಂದು ಸರಿಯಾದ ಒರೆಗಲ್ಲು. 12ನೆಯ ಶತಮಾನದ ಆಯ್ದಕ್ಕಿ ಮಾರಯ್ಯನದು ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕ. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಒಪ್ಪುವುದಿಲ್ಲ. ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಕಳಿಸುತ್ತಾಳೆ. ಐಡಲ್ ಗೇಮ್ ಆಡುವವನ ಕಣ್ಣಿಗೆ ಇದು ದಡ್ಡತನದ ನಡೆ. ಆದರೆ ಲಕ್ಕಮ್ಮ ಗಳಿಕೆಯನ್ನೇ ಬೇಡವೆಂದವಳಲ್ಲ. ಆ ಮನೆಯಲ್ಲಿ ಅಕ್ಕಿಗೆ ಗೊತ್ತಾದ ಕೆಲಸವಿತ್ತು, ಬಂದವರಿಗೆ ಬಡಿಸುವ ದಾಸೋಹ. ಉಣ್ಣುವವರಿದ್ದಲ್ಲಿ ಸಾಕು ಎಂಬ ಮಾತಿಗೆ ಅಳತೆ ಸಿಗುತ್ತದೆ. ಕುಕಿ ಕ್ಲಿಕ್ಕರ್‌ನಲ್ಲಿ ಲಕ್ಷ ಕೋಟಿ ಬಿಸ್ಕತ್ತುಗಳಿದ್ದರೂ ಹಸಿದವರಿಗೆ ಒಂದನ್ನು ಬಡಿಸುವ ಗುಂಡಿಯಿಲ್ಲ. ಅಂಕಿ ಕೊನೆಯಿಲ್ಲದೆ ಬೆಳೆಯುವುದು ಅದಕ್ಕೇ.

ಈ ಪ್ರಕಾರದೊಳಗಿಂದಲೇ ಇಂಥ ಪ್ರಶ್ನೆ ಎತ್ತಿದ ಕೃತಿ ಫ್ರಾಂಕ್ ಲ್ಯಾಂಟ್ಜ್ ಅವರ ‘ಯೂನಿವರ್ಸಲ್ ಪೇಪರ್‌ಕ್ಲಿಪ್ಸ್’ (2017). ಕಾಗದದ ಕ್ಲಿಪ್ಪು ಮಾಡುವ ಯಂತ್ರಬುದ್ಧಿಯೊಂದು ಕಡೆಗೆ ಇಡೀ ವಿಶ್ವವನ್ನೇ ಕ್ಲಿಪ್ಪಾಗಿಸುತ್ತದೆ. ಆಗ ಎರಡು ದಾರಿ: ಬೇರೊಂದು ವಿಶ್ವದಲ್ಲಿ ಮತ್ತೆ ಮೊದಲಿನಿಂದ ಶುರುಮಾಡುವುದು, ಇಲ್ಲವೇ ತನ್ನ ಯಂತ್ರಗಳನ್ನೂ ಕಳಚಿ ಕ್ಲಿಪ್ಪು ಮಾಡಿ ಮುಗಿಸುವುದು. ಮುಗಿಸುವುದನ್ನೂ ಒಂದು ನಡೆಯಾಗಿಸಿದ್ದು ಈ ಆಟದ ದೊಡ್ಡತನ. ಆದರೂ ಅಲ್ಲಿ ಕೊನೆ ಬರುವುದು ಕ್ಲಿಪ್ಪಾಗಲು ಬೇರೇನೂ ಉಳಿಯದಿದ್ದಾಗ. ಲಕ್ಕಮ್ಮ ಸಾಕೆಂದದ್ದು ಅಂಗಳದಲ್ಲಿ ಇನ್ನೂ ಅಕ್ಕಿ ಬಿದ್ದಿರುವಾಗಲೇ. ಆ ನಿರ್ಧಾರವನ್ನು ಆಡುವವರ ಕೈಗೆ ಕೊಡುವ ಆಟ ಹೇಗಿರಬಹುದು? ಬರೆಯಬಲ್ಲ ಹುಡುಗ ಹುಡುಗಿಯರು ಬೀದರ್ ಜಿಲ್ಲೆಯ ಕಾಲೇಜುಗಳಲ್ಲೇ ಇದ್ದಾರೆ.